ಜೇನುಸಾಕಣೆ: ಹುಡುಗ ಹುಡುಗಿಯರು ಸ್ವಂತವಾಗಿ ನಡೆಸಬಹುದಾದ ಒಂದು ಉಪಕಸಬು

ಒಕ್ಕಲುಮನೆಯ ಹುಡುಗರು 14-15 ವರ್ಷ ವಯಸ್ಸಿಗೆ ಬರುತ್ತಲೇ ಕೈಖರ್ಚಿಗೆ ತಾವೇ ನಾಲ್ಕು ಕಾಸು ಸಂಪಾದಿಸಬೇಕೆಂದು ಆಸೆಪಡುವುದು ಸಹಜವಾದುದು. ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಆಸೆಯು ಸಾಧಾರಣವಾಗಿ ಸುಗ್ಗಿಯ ಕಾಲದಲ್ಲಿ ಅಡಿಕೆ ಸುಲಿಯುವುದರಲ್ಲಿಯೋ, ಕಾಫಿ ಕೊಯ್ಯುವುದರಲ್ಲಿಯೋ, ಪೇಟೆಯ ಅಂಗಡಿಯಲ್ಲಿ ರಜಾದಿನಗಳನ್ನು ಕಳೆಯುವುದರಲ್ಲಿಯೋ ಮುಗಿಯುತ್ತದೆ. ಇವುಗಳಿಂದ ಹಣವು ಬರುವುದು ನಿಜ. ಆದರೆ ಕೆಲಸವು ನಿಂತ ದಿನವೇ ಬರತಕ್ಕ ಹಣವೂ ನಿಂತುಹೋಗುತ್ತದೆ. ಹುಡುಗನ ಕೈಯಲ್ಲಿ ವರ್ಷದ ಕೊನೆಗೆ ತನ್ನದು ಎಂದು ಹೇಳಿಕೊಳ್ಳತಕ್ಕ ಯಾವ ವಸ್ತುವೂ ಉಳಿಯುವುದಿಲ್ಲ.

ಸ್ವಂತ ಕಸಬೆಂದರೆ ಬೇರೆ. ಅಲ್ಪ ಬಂಡವಾಳದಿಂದ ತೊಡಗಿ, ಪಾಠಶಾಲೆಯ ವೇಳೆಗೆ ಅಡ್ಡಿಬಾರದೆ, ಬಂದ ಲಾಭದಿಂದಲೇ ಬೆಳೆಯತಕ್ಕಂಥಾದ್ದು ಬೇಕು. ಕೋಳಿ ಸಾಕುವುದು ಒಳ್ಳೆಯದೇ; ಆದರೆ ಅದಕ್ಕೆ ದಿನದಿನವೂ ಮೇವು ಬೇಕು, ಮತ್ತು ಲಸಿಕೆ ಹಾಕಿಸದೆ ಇದ್ದಲ್ಲಿ ಕೊಕ್ಕರೆ ರೋಗವು ಒಂದು ವಾರದಲ್ಲಿ ಗೂಡನ್ನು ಬರಿದುಮಾಡಬಲ್ಲುದು. ಕಸಿ ಗಿಡಗಳನ್ನು ಬೆಳಸಿ ಮಾರುವುದಕ್ಕೆ ಬೇಸಗೆಯುದ್ದಕ್ಕೂ ನೀರು, ಆಮೇಲೆ ಕೈ ಪಳಗುವುದಕ್ಕೆ ಒಂದೆರಡು ವರ್ಷದ ತಾಳ್ಮೆ, ಎರಡೂ ಬೇಕಾಗುತ್ತವೆ. ಜೇನುಸಾಕಣೆಗಾದರೋ ನೆಲವೇ ಬೇಕಾಗಿಲ್ಲ. ಹಿತ್ತಿಲಲ್ಲಿ ಒಂದು ಮರದ ನೆರಳು, ವಾರಕ್ಕೆ ಒಂದು ಪೆಟ್ಟಿಗೆಗೆ ಕಾಲು ಗಂಟೆಯ ಗಮನ, ಇಷ್ಟಿದ್ದರೆ ಸಾಕು. ಹೂವುಗಳು ಯಾರ ತೋಟದವಾದರೂ ಹುಳುಗಳಿಗೆ ತಡೆಯಿಲ್ಲ. ಅವುಗಳ ಭೇಟಿಯಿಂದ ತೋಟದವನಿಗೂ ನಷ್ಟವಿಲ್ಲ, ಲಾಭವೇ ಉಂಟು. ಏಲಕ್ಕಿಯು ಕಾಯಿಕಟ್ಟಬೇಕಾದರೆ ಜೇನುಹುಳು ಹೂವಿನ ಮೇಲೆ ಕೂರಲೇಬೇಕು. ರೊಬಸ್ಟಾ ಕಾಫಿಗೂ ಬೇರೆ ಗಿಡದ ಪರಾಗವು ಬೇಕಾಗಿರುವುದರಿಂದ ಅಲ್ಲಿಯೂ ಈ ಹುಳುಗಳ ಸಹಾಯವು ದೊಡ್ಡದು.

ಹೀಗಿದ್ದರೂ ಮಲೆನಾಡಿನಲ್ಲಿ ಅನೇಕ ಮನೆಗಳ ಅಟ್ಟದ ಮೇಲೆ ಖಾಲಿ ಜೇನುಪೆಟ್ಟಿಗೆಗಳು ಧೂಳು ಹಿಡಿದು ಕುಳಿತಿರುವುದನ್ನು ಕಾಣಬಹುದು. ಕೆಲವು ಕೊಂಡು ತಂದವು, ಕೆಲವು ಸಹಾಯಧನದಲ್ಲಿ ದೊರೆತವು. ಮೊದಲ ಬೇಸಗೆಯಲ್ಲಿ ಜೇನು ಸಿಕ್ಕಿತು, ಮಳೆಗಾಲದಲ್ಲಿ ಹುಳುಗಳು ಹೊರಟುಹೋದವು, ಆಮೇಲೆ ಯಾರೂ ಅದರ ಗೊಡವೆಗೆ ಹೋಗಲಿಲ್ಲವೆಂಬುದೇ ಸಾಧಾರಣವಾಗಿ ಅವುಗಳ ಚರಿತ್ರೆ. ಆದುದರಿಂದ ಈ ಕಸಬಿನಲ್ಲಿ ಕಲಿಯಬೇಕಾದ ಮುಖ್ಯವಾದ ವಿಷಯವು ಜೇನನ್ನು ತೆಗೆಯುವುದಲ್ಲ. ಆಷಾಢ ಶ್ರಾವಣಗಳಲ್ಲಿ ಕುಟುಂಬವನ್ನು ಉಳಿಸಿಕೊಳ್ಳುವುದು. ಅದು ಬಂದವನಿಗೆ ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ.

ಸಾಕತಕ್ಕ ಹುಳು

ಈ ಸೀಮೆಯಲ್ಲಿ ಕಾಣುವ ಜೇನುಹುಳುಗಳಲ್ಲಿ ಹೆಜ್ಜೇನು ದೊಡ್ಡ ಮರಗಳಲ್ಲಿಯೂ ಬಂಡೆಗಳಲ್ಲಿಯೂ ಒಂದೇ ಎರಿಯನ್ನು ಬಯಲಾಗಿ ಕಟ್ಟುವುದು; ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು, ಹುಡುಗರು ಅದರ ಬಳಿಗೆ ಹೋಗಲೂ ಕೂಡದು. ಕೋಲುಜೇನು ಸಣ್ಣದು, ಅದೂ ಬಯಲಿನಲ್ಲಿಯೇ ಒಂದು ಎರಿಯನ್ನು ಕಟ್ಟುವುದು. ಮುಜಂಟಿ ಅಥವಾ ಮಿಸರೆ ಎಂಬುದಕ್ಕೆ ಮುಳ್ಳಿಲ್ಲ; ಅದರ ಜೇನು ಔಷಧಕ್ಕೆಂದು ಒಳ್ಳೆಯ ಬೆಲೆಗೆ ಹೋಗುವುದಾದರೂ ದೊರಕುವ ಪ್ರಮಾಣವು ಬಹು ಸ್ವಲ್ಪ. ಪೆಟ್ಟಿಗೆಗೆ ತಕ್ಕುದು ತುಡುವೆ. ಮರದ ಪೊಟರೆ, ಹುತ್ತ, ಹಳೆಯ ಗೋಡೆಗಳ ಸಂದು ಮೊದಲಾದ ಕತ್ತಲೆಯ ಜಾಗಗಳಲ್ಲಿ ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದರಂತೆ ಕಟ್ಟಿ ವಾಸಿಸುವ ಹುಳುವಿದು. ಯುರೋಪಿನ ಹುಳುವನ್ನು 1962ರಲ್ಲಿ ಉತ್ತರ ದೇಶದ ನಾಗ್ರೋಟದಲ್ಲಿ ನೆಲೆಗೊಳಿಸಿದ ಮೇಲೆ ಅದು ಬಯಲುಸೀಮೆಗಳಲ್ಲಿ ಹರಡಿರುವುದು ದಿಟ. ಅದು ಜೇನನ್ನು ಹೆಚ್ಚಾಗಿ ಕೊಟ್ಟರೂ, ಹೂವಿರುವ ಕಡೆಗೆ ಪೆಟ್ಟಿಗೆಗಳನ್ನು ಹೊತ್ತು ಊರೂರು ತಿರುಗುವವರಿಗೆ ಮಾತ್ರ ತಕ್ಕುದು, ಪಾಠಶಾಲೆಗೆ ಹೋಗುವವರಿಗಲ್ಲ.

ಕುಟುಂಬದಲ್ಲಿ ರಾಣಿ ಒಂದೇ. ಮೊಟ್ಟೆಯಿಡುವುದು ಅದರ ಕೆಲಸ. ಗಂಡುಹುಳುಗಳು ಕೆಲವು. ಉಳಿದ ಸಾವಿರಾರು ಹುಳುಗಳು ಕೆಲಸಗಾರ ಹೆಣ್ಣುಗಳು. ಕೆಲಸಗಾರ ಹುಳು ಮೊಟ್ಟೆಯಿಂದ ರೆಕ್ಕೆಬಂದು ಹೊರಬೀಳಲು ಸುಮಾರು 3 ವಾರಗಳು ಹಿಡಿಯುತ್ತವೆ. ಹೊರಬಿದ್ದ ಮೇಲೂ ಸುಮಾರು 3 ವಾರಗಳ ಕಾಲ ಅದು ಗೂಡಿನೊಳಗೆ ಮರಿಗಳನ್ನು ಪೋಷಿಸುತ್ತ, ಮೇಣವನ್ನು ಕಟ್ಟುತ್ತ ಇದ್ದು, ಅನಂತರವೇ ಹೂವಿಗೆ ಹೋಗುತ್ತದೆ. ಈ ಲೆಕ್ಕವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಮಾರ್ಚಿಯಲ್ಲಿ ಜೇನನ್ನು ತರುವ ಹುಳು ಜನವರಿಯಲ್ಲಿಯೇ ಮೊಟ್ಟೆಯಾಗಿದ್ದಿರಬೇಕು. ಜನವರಿಯಲ್ಲಿ ರಾಣಿಯು ಧಾರಾಳವಾಗಿ ಮೊಟ್ಟೆಯಿಡಬೇಕಾದರೆ ಅಕ್ಟೋಬರು ನವೆಂಬರುಗಳಲ್ಲಿ ಕುಟುಂಬವು ಬಲಗೊಂಡಿರಬೇಕು. ಅಕ್ಟೋಬರಿನಲ್ಲಿ ಬಲಗೊಳ್ಳಬೇಕಾದರೆ ಮಳೆಯನ್ನು ದಾಟಿಬಂದ ಹುಳುಗಳು ನಾಲ್ಕು ಎರಿಗಳನ್ನಾದರೂ ಮುಚ್ಚುವಷ್ಟು ಉಳಿದಿರಬೇಕು. ಮುಂದಿನ ಬೇಸಗೆಯ ಜೇನು ಹಿಂದಿನ ಮಳೆಗಾಲದಲ್ಲಿಯೇ ನಿಶ್ಚಯವಾಗಿಬಿಡುತ್ತದೆ.

ಪೆಟ್ಟಿಗೆ ಮತ್ತು ಅದರ ಸ್ಥಳ

ಎರಿಗಳ ನಡುವೆ ಹುಳುಗಳು ಓಡಾಡಲು ಬಿಡುವ ಸಂದು ಒಂದು ಗೊತ್ತಾದ ಅಳತೆಯದೆಂದೂ, ಅದನ್ನು ಉಳಿಸಿದರೆ ಎರಿಗಳನ್ನು ಚೌಕಟ್ಟುಗಳಲ್ಲಿ ಕಟ್ಟಿಸಿ ಬೇಕಾದಾಗ ತೆಗೆದಿಡಬಹುದೆಂದೂ 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು ಕಂಡುಹಿಡಿದರು. ತುಡುವೆಯ ಅಳತೆಗೆ ಒಗ್ಗಿಸಿದ ಚಿಕ್ಕ ಪೆಟ್ಟಿಗೆಯನ್ನು ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಎಂಬವರು ಕಳೆದ ಶತಮಾನದ ಎರಡನೆಯ ದಶಕದಲ್ಲಿ ರೂಢಿಗೆ ತಂದರು. ದಕ್ಷಿಣದಲ್ಲಿ ಹೆಚ್ಚಾಗಿ ಬಳಸುವುದು ಈ ನ್ಯೂಟನ್ ಪೆಟ್ಟಿಗೆಯನ್ನೇ. ಕೆಳಗೆ 7 ಚೌಕಟ್ಟುಗಳ ಸಂಸಾರಕೋಣೆ, ಅದರ ಮೇಲೆ ಗಿಡ್ಡನೆಯ ಜೇನುಕೋಣೆ. ಸಂಸಾರಕೋಣೆಯು ಹುಳುಗಳ ಮನೆ ಮತ್ತು ಕಣಜ. ಜೇನುಕೋಣೆಯು ಸಾಕುವವನ ಪಾಲು. ಈ ಎರಡರ ನಡುವಿನ ಗಡಿಯನ್ನು ಮೀರದವನ ಪೆಟ್ಟಿಗೆಯು ಖಾಲಿಯಾಗುವುದು ಅಪರೂಪ.

ಊರಿನ ಬಡಗಿಯಿಂದ ಪೆಟ್ಟಿಗೆಯನ್ನು ಅಗ್ಗವಾಗಿ ಮಾಡಿಸಬಹುದೆಂದು ಕೆಲವರು ಹೇಳುವುದುಂಟು. ಒಳ್ಳೆಯ ಮಾದರಿಯೊಂದನ್ನು ಎದುರಿಗಿಟ್ಟು ಮಾಡಿಸಿದರೆ ಆಗಬಹುದು. ಆದರೆ ಚೌಕಟ್ಟುಗಳ ಸಂದು ಹೆಚ್ಚಾದರೆ ಹುಳುಗಳು ಅಡ್ಡ ಎರಿಗಳನ್ನು ಕಟ್ಟುತ್ತವೆ, ಕಡಿಮೆಯಾದರೆ ಚೌಕಟ್ಟುಗಳನ್ನೇ ಮೇಣದಿಂದ ಅಂಟಿಸಿಬಿಡುತ್ತವೆ. ಆಗ ಪೆಟ್ಟಿಗೆಯನ್ನು ಕೆಡಿಸದೆ ತೆರೆಯುವುದೇ ಅಸಾಧ್ಯ. ಮೊದಲನೆಯ ಎರಡು ಪೆಟ್ಟಿಗೆಗಳನ್ನು ಗೊತ್ತಾದ ಕಡೆಯಿಂದ ಕೊಳ್ಳುವುದೇ ಮೇಲು.

ಎರಡೇ ಏಕೆಂದರೆ, ಒಂದೇ ಪೆಟ್ಟಿಗೆಯಿದ್ದರೆ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಹೋಲಿಸಿ ನೋಡುವುದಕ್ಕೆ ಇನ್ನೊಂದಿಲ್ಲ; ರಾಣಿಯು ಸತ್ತರೆ ಮರಿಯ ಎರಿಯೊಂದನ್ನು ಎರವಲು ತರುವುದಕ್ಕೂ ಇಲ್ಲ. ಐದಾರು ಪೆಟ್ಟಿಗೆಗಳಿದ್ದರೆ ಹೊಸಬನ ತಪ್ಪುಗಳು ಐದಾರು ಪಾಲಾಗುತ್ತವೆ.

ಪೆಟ್ಟಿಗೆಯನ್ನು ಮುಂಜಾವಿನ ಬಿಸಿಲು ತಾಕಿ ಮಧ್ಯಾಹ್ನದಲ್ಲಿ ನೆರಳು ಬೀಳುವ ಕಡೆ, ಬಾಗಿಲು ಪೂರ್ವಕ್ಕಿರುವಂತೆ, ನೆಲದಿಂದ ಎರಡು ಅಡಿ ಎತ್ತರದ ಕಾಲುಗಳ ಮೇಲೆ ಇಡತಕ್ಕದ್ದು. ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಇರುವೆಗಳು ಒಂದೇ ರಾತ್ರಿಯಲ್ಲಿ ಬಡ ಕುಟುಂಬವನ್ನು ಓಡಿಸಬಲ್ಲವು. ದನದ ಕೊಟ್ಟಿಗೆ, ಹೊಗೆಯ ಒಲೆ, ಮಕ್ಕಳು ಆಡುವ ಅಂಗಳ ಇವುಗಳ ಎದುರಿಗೆ ಬಾಗಿಲು ಬರಕೂಡದು. ತುಡುವೆಯು ಹೆಚ್ಚಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಮೇಯುವುದರಿಂದ ಆ ಸುತ್ತಿನಲ್ಲಿ ಏನೇನು ಯಾವ ತಿಂಗಳಲ್ಲಿ ಹೂ ಬಿಡುವುದೆಂದು ಹುಡುಗನು ಒಂದು ವರ್ಷ ನೋಡಿ ಬರೆದಿಟ್ಟುಕೊಳ್ಳಬೇಕು. ನೇರಳೆ, ಮತ್ತಿ, ಹೊಂಗೆ, ಅಂಟುವಾಳ, ಕಾಫಿ ಇವು ಮಕರಂದಕ್ಕೆ. ತೆಂಗು ಅಡಿಕೆಗಳು ವರ್ಷದ ಬಹುಭಾಗ ಪರಾಗಕ್ಕೆ. ರಬ್ಬರು ತೋಟಗಳಿರುವ ಕಡೆ ಎಲೆಯುದುರಿ ಹೊಸ ಚಿಗುರು ಬರುವಾಗ ಹೂವಿನಿಂದಲ್ಲ, ಎಳೆಯ ಎಲೆಗಳ ತೊಟ್ಟಿನ ಬಳಿಯಿಂದ ಮಕರಂದವು ಒಸರುತ್ತದೆ. ಬಯಲುಸೀಮೆಯಲ್ಲಾದರೆ ಹುಚ್ಚೆಳ್ಳು, ಸೂರ್ಯಕಾಂತಿ, ಹುಣಸೆ, ನುಗ್ಗೆ.

ಕುಟುಂಬವನ್ನು ಪಡೆಯುವ ಬಗೆ

ಕಸಬಿಗೆ ತೊಡಗಲು ಒಳ್ಳೆಯ ಕಾಲವು ಮಳೆ ಹಿಂದಾದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆಗ ಕೊಂಡ ಕುಟುಂಬವು ಬೇಸಗೆಗೆ ಮುಂಚೆ ಬಲಿಯುತ್ತದೆ. ಜೇನು ಸುರಿಯುವ ಏಪ್ರಿಲಿನಲ್ಲಿ, ತುಂಬಿದ ಎರಿಗಳನ್ನು ಕಂಡು ಮರುಳಾಗಿ ಕೊಳ್ಳುವವನಿಗೆ ಎರಡೇ ತಿಂಗಳಲ್ಲಿ ಮಳೆಯು ಎದುರಾಗುತ್ತದೆ. ಕೊಳ್ಳುವಾಗ ಎರಿಗಳಲ್ಲಿ ಮೊಟ್ಟೆ, ಎಳೆಯ ಮರಿ, ಮುಚ್ಚಿದ ಮರಿ ಈ ಮೂರೂ ಇವೆಯೇ ಎಂದು ನೋಡಬೇಕು; ಇವಿದ್ದರೆ ರಾಣಿಯನ್ನು ಕಣ್ಣಾರೆ ಕಾಣದಿದ್ದರೂ ಅದು ಇದೆಯೆಂದು ತಿಳಿಯಬಹುದು.

ಹಣವಿಲ್ಲದವರಿಗೆ ಇನ್ನೊಂದು ದಾರಿಯುಂಟು. ಪಾಲು ಹೊರಡುವ ಕಾಲದಲ್ಲಿ ಒಳಗಡೆ ಜೇನುಮೇಣವನ್ನು ತಿಕ್ಕಿದ ಖಾಲಿ ಪೆಟ್ಟಿಗೆಯನ್ನೋ ಮಡಕೆಯನ್ನೋ ಮರದ ಕವಲಿನಲ್ಲಿಟ್ಟರೆ ಮನೆ ಹುಡುಕುವ ಹುಳುಗಳು ತಾವಾಗಿ ಬಂದು ಸೇರುವುದುಂಟು. ಪೊಟರೆಯಲ್ಲಿರುವ ಕುಟುಂಬವನ್ನು ಅನುಭವಶಾಲಿಗಳ ಸಹಾಯದಿಂದ ಸಾಯಂಕಾಲದಲ್ಲಿ ತೆಗೆದು, ಮರಿಗಳಿರುವ ಎರಿಗಳನ್ನು ಬಾಳೆನಾರಿನಿಂದ ಚೌಕಟ್ಟುಗಳಿಗೆ ಕಟ್ಟಿ ಕೂರಿಸುವುದೂ ಉಂಟು. ಒಂದೆರಡು ದಿನಗಳಲ್ಲಿ ಹುಳುಗಳು ಎರಿಯನ್ನು ಕಟ್ಟಿಗೆಗೆ ಅಂಟಿಸಿ ನಾರನ್ನು ಕತ್ತರಿಸಿ ಹೊರಕ್ಕೆ ಎಳೆದುಹಾಕುತ್ತವೆ.

ಪಾಲಾಗುವುದು

ಚಳಿಗಾಲದ ಕೊನೆಯಲ್ಲಿ ಕುಟುಂಬವು ತುಂಬಿ ತುಳುಕಿದಾಗ ಎರಿಗಳ ಕೆಳಗಿನ ಅಂಚಿನಲ್ಲಿ ಕಡಲೆಕಾಯಿಯಂತೆ ಇಳಿಬಿದ್ದ ರಾಣಿಕೋಶಗಳು ಕಾಣಿಸಿಕೊಳ್ಳುತ್ತವೆ. ಅವು ಮುಚ್ಚುತ್ತಲೇ ಹಳೆಯ ರಾಣಿಯು ಒಂದು ಪಾಲು ಹುಳುಗಳೊಡನೆ ಹೊರಟುಹೋಗುವುದು ಪ್ರಕೃತಿನಿಯಮ. ಗಮನಿಸದವನಿಗೆ ಇದು ನಷ್ಟ, ಗಮನಿಸಿದವನಿಗೆ ಎರಡನೆಯ ಆದಾಯ. ಹೊಸ ಪೆಟ್ಟಿಗೆಯೊಂದಕ್ಕೆ ಒಳ್ಳೆಯ ರಾಣಿಕೋಶವೊಂದುಳ್ಳ ಎರಿಯನ್ನೂ, ಮುಚ್ಚಿದ ಮರಿಯ ಎರಿಯನ್ನೂ, ಜೇನು ಪರಾಗಗಳಿರುವ ಎರಿಯನ್ನೂ ಹುಳುಗಳ ಸಮೇತ ಸಾಗಿಸಿ, ಹಳೆಯದನ್ನು ಮೊದಲಿದ್ದ ಜಾಗದಿಂದ ಸ್ವಲ್ಪ ಎಡಕ್ಕೂ ಹೊಸದನ್ನು ಸ್ವಲ್ಪ ಬಲಕ್ಕೂ ಇಟ್ಟರೆ ಮೇವಿನಿಂದ ಹಿಂದಿರುಗುವ ಹುಳುಗಳು ಎರಡಕ್ಕೂ ಹಂಚಿಹೋಗುತ್ತವೆ. ಹಳೆಯ ರಾಣಿಯು ಹಳೆಯ ಪೆಟ್ಟಿಗೆಯಲ್ಲಿಯೇ ಉಳಿದಿದೆಯೆಂದು ಮೊದಲೇ ನೋಡಿಕೊಂಡು, ಅಲ್ಲಿ ಮಿಕ್ಕ ಕೋಶಗಳನ್ನು ತೆಗೆದುಹಾಕಬೇಕು. ಆಮೇಲೆ ಹತ್ತು ದಿನಗಳವರೆಗೆ ಹೊಸ ಪೆಟ್ಟಿಗೆಯನ್ನು ತೆರೆಯಕೂಡದು. ಹುಡುಗರಿಗೆ ಇದೇ ಎಲ್ಲಕ್ಕಿಂತ ಕಷ್ಟವಾದ ಕೆಲಸವೆಂದು ತೋರುತ್ತದೆ.

ಜೇನು ತೆಗೆಯುವುದು ಮತ್ತು ಮಾರುವುದು

ಜೇನುಕೋಣೆಯ ಎರಿಗಳಲ್ಲಿ ಮುಕ್ಕಾಲು ಪಾಲು ಕಣಗಳಿಗೆ ಹುಳುಗಳು ಮೇಣದ ಮುಚ್ಚಳವನ್ನು ಹಾಕಿದ ಮೇಲೆಯೇ ಜೇನು ಪಕ್ವವಾಯಿತೆಂದು ತಿಳಿಯಬೇಕು. ಅದಕ್ಕೆ ಮುಂಚೆ ತೆಗೆದ ಜೇನಿನಲ್ಲಿ ನೀರಿನಂಶವು ಹೆಚ್ಚಾಗಿದ್ದು, ಶೇಕಡ 20ನ್ನು ಮೀರಿದರೆ ಸೀಸೆಯಲ್ಲಿ ನೊರೆಯೆದ್ದು ಹುಳಿಯಾಗುತ್ತದೆ. ಒಮ್ಮೆ ಹುಳಿಜೇನನ್ನು ಕೊಂಡ ಗಿರಾಕಿಯು ಎರಡನೆಯ ಸಲ ಬರುವುದಿಲ್ಲ. ಮುಚ್ಚಳಗಳನ್ನು ಚಾಕುವಿನಿಂದ ಸವರಿ, ಎರಿಗಳನ್ನು ತಿರುಗುಯಂತ್ರದಲ್ಲಿಟ್ಟು ಜೇನನ್ನು ತೆಗೆದು, ಎರಿಯನ್ನು ಮುರಿಯದೆ ಹಿಂದಕ್ಕೆ ಕೊಡತಕ್ಕದ್ದು. ಮೇಣವನ್ನು ಹೊಸದಾಗಿ ಕಟ್ಟುವುದಕ್ಕೆ ಹುಳುಗಳು ಬಹಳ ಜೇನನ್ನು ತಿನ್ನಬೇಕಾಗಿರುವುದರಿಂದ ಎರಿಯನ್ನು ಉಳಿಸಿದಷ್ಟೂ ಲಾಭ. ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ಊರಿನ ನಾಲ್ಕು ಹುಡುಗರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಜೇನನ್ನು ಬಟ್ಟೆಯಲ್ಲಿ ಸೋಸಿ, ಒಂದು ದಿನ ನಿಲ್ಲಿಸಿ, ತೇವವಿಲ್ಲದ ಸೀಸೆಗಳಿಗೆ ತುಂಬಬೇಕು. ಬೆಂಕಿಯ ಮೇಲಿಟ್ಟು ಕಾಯಿಸಲು ಕೂಡದು.

ಮಾರುವಾಗ ಸೀಸೆಯ ಲೆಕ್ಕಕ್ಕಿಂತ ತೂಕದ ಲೆಕ್ಕವು ನ್ಯಾಯವಾದುದು. ಜೇನು ನೀರಿಗಿಂತ ಭಾರವಾದುದರಿಂದ ಒಂದು ಲೀಟರು ಹಿಡಿಯುವ ಸೀಸೆಯಲ್ಲಿ ಸುಮಾರು 1 ಕಿಲೋ 400 ಗ್ರಾಂ ಜೇನಿರುತ್ತದೆ. 750 ಮಿಲಿಲೀಟರಿನ ಸೀಸೆಯಲ್ಲಿಯೇ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಇದನ್ನರಿಯದೆ ಲೀಟರು ಸೀಸೆಯನ್ನು ಕಿಲೋವಿನ ಬೆಲೆಗೆ ಕೊಟ್ಟು ಕೈಸುಟ್ಟುಕೊಂಡವರುಂಟು. ಕಾಗದದ ಮೇಲೆ ತೊಟ್ಟು ಬಿಡುವುದು, ಬತ್ತಿಯನ್ನು ಅದ್ದಿ ಉರಿಸುವುದು, ನಾಯಿಯ ಮುಂದೆ ಇಡುವುದು ಮೊದಲಾಗಿ ಗಿರಾಕಿಗಳು ಮಾಡುವ ಪರೀಕ್ಷೆಗಳಲ್ಲಿ ಯಾವುದಕ್ಕೂ ಆಧಾರವಿಲ್ಲ. ಜೇನು ಸಕ್ಕರೆಯಂತೆ ಹರಳುಗಟ್ಟುವುದೂ ಕಲಬೆರಕೆಯ ಗುರುತಲ್ಲ. ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ಪುನಃ ತಿಳಿಯಾಗುತ್ತದೆ. ಒಂದು ವರ್ಷ ತುಂಬದ ಶಿಶುಗಳಿಗೆ ಮಾತ್ರ ಜೇನನ್ನು ನೆಕ್ಕಿಸಬಾರದೆಂದು ಕೊಳ್ಳುವವರಿಗೆ ತಪ್ಪದೆ ಹೇಳಬೇಕು. ಹುಟ್ಟಿದ ಕೂಸಿಗೆ ಜೇನು ಮುಟ್ಟಿಸುವ ಪದ್ಧತಿಯು ಹಳೆಯದಾದರೂ, ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಬಲ್ಲವು.

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಂಗಡಿಗಳಲ್ಲಿ ಮಾರುವ 13 ಹೆಸರಿನ ಜೇನುಗಳನ್ನು ಪರೀಕ್ಷೆ ಮಾಡಿಸಿ, ಅವುಗಳಲ್ಲಿ 10 ಶುದ್ಧತೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಲಿಲ್ಲವೆಂದು ಪ್ರಕಟಿಸಿತು. ಅಂದಿನಿಂದ ಗುರುತಿನ ಮನೆಯಿಂದ ಜೇನು ಕೊಳ್ಳಬೇಕೆನ್ನುವವರು ಹೆಚ್ಚಿದ್ದಾರೆ. ಹಿತ್ತಿಲಿನ ಎರಡು ಪೆಟ್ಟಿಗೆಗಳ ಹುಡುಗನಿಗೆ ಇದೇ ಅನುಕೂಲ. ಪೆಟ್ಟಿಗೆಯನ್ನು ತೆರೆದು ತೋರಿಸಿ ಮಾರಬಲ್ಲವನಿಗೆ ಬೇರೆ ಜಾಹೀರಾತು ಬೇಡ.

ಮಳೆಗಾಲ

ಜೂನು ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಸೆಪ್ಟೆಂಬರಿನವರೆಗೆ ಹೂವು ಸ್ವಲ್ಪ, ಇದ್ದ ಹೂವಿನಲ್ಲಿಯೂ ಮಕರಂದವು ತೊಳೆದುಹೋಗಿರುತ್ತದೆ, ಹುಳುಗಳು ಹೊರಬೀಳುವುದಕ್ಕೆ ಬಿಡುವೂ ಇಲ್ಲ. ಈ ನಾಲ್ಕು ತಿಂಗಳ ಆಹಾರವೇ ಸಂಸಾರಕೋಣೆಯ ಎರಿಗಳ ಮೇಲಂಚಿನಲ್ಲಿ ಅವು ಕೂಡಿಟ್ಟುಕೊಂಡ ಜೇನು. ಮೇ ತಿಂಗಳ ಕೊನೆಯಲ್ಲಿ ಗಿರಾಕಿಯು ಬಾಗಿಲಿಗೆ ಬಂದು ಇನ್ನೊಂದು ಕಿಲೋ ಬೇಕೆಂದು ಕೇಳುವಾಗ, ಜೇನುಕೋಣೆಯು ಬರಿದಾಗಿದ್ದು ಸಂಸಾರಕೋಣೆಯಲ್ಲಿ ಅದು ಕಣ್ಣೆದುರಿಗೇ ಕಾಣುತ್ತಿರುತ್ತದೆ. ಆ ಒಂದು ಕಿಲೋವನ್ನು ತೆಗೆದಲ್ಲಿಂದ ಖಾಲಿ ಪೆಟ್ಟಿಗೆಯ ಕಥೆಯು ಪ್ರಾರಂಭವಾಗುತ್ತದೆ. ಹಸಿವಾದ ತುಡುವೆಯು ಇದ್ದಲ್ಲಿಯೇ ಸಾಯುವ ಹುಳುವಲ್ಲ; ಮರಿಗಳನ್ನು ಬಿಟ್ಟು, ಇಡೀ ಕುಟುಂಬವೇ ಒಂದು ಬಿಸಿಲಿನ ಹೊತ್ತು ನೋಡಿ ಎದ್ದುಹೋಗುತ್ತದೆ.

ಕಿಲೋವಿಗೆ 500 ರೂಪಾಯಿ ಬೆಲೆಯೆಂದು ಹಿಡಿದರೆ ಆ ದಿನ ಬಂದ ಲಾಭವು 500. ಹೋದದ್ದು ಒಂದು ಕುಟುಂಬ, ಬರುವ ವರ್ಷದ ನಾಲ್ಕೈದು ಕಿಲೋ ಜೇನು, ಮತ್ತು ಅದರಿಂದ ಪಾಲಾಗಿ ಬರಬೇಕಾಗಿದ್ದ ಇನ್ನೊಂದು ಕುಟುಂಬ.

ಕೂಡಿಟ್ಟ ಜೇನು ಸಾಲದೆಂದು ಕಂಡಾಗ ಸಕ್ಕರೆಯ ಪಾಕವನ್ನು ಕೊಡತಕ್ಕದ್ದು. ತೂಕದಲ್ಲಿ ಸಮಪ್ರಮಾಣವಾಗಿ ಸಕ್ಕರೆಯನ್ನೂ ಕಾಯಿಸಿದ ನೀರನ್ನೂ ಕಲಸಿ ಆರಿಸಿ, ಸಾಯಂಕಾಲ ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಪೆಟ್ಟಿಗೆಯ ಒಳಗಡೆಯೇ ಒಂದು ಚಿಕ್ಕ ಪಾತ್ರೆಯಲ್ಲಿಟ್ಟು, ಮುಳುಗಿ ಸಾಯದಂತೆ ಅದರಲ್ಲಿ ನಾಲ್ಕು ಕಡ್ಡಿಗಳನ್ನು ತೇಲಿಬಿಡಬೇಕು. ಒಂದು ಪೆಟ್ಟಿಗೆಗೆ ವಾರಕ್ಕೆ 200 ಗ್ರಾಂ ಸಕ್ಕರೆಯಂತೆ 16 ವಾರಗಳಿಗೆ 3 ಕಿಲೋಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಪಾಕವನ್ನು ಹೊರಗೆ ಚೆಲ್ಲಿದರೆ ಬಲವಾದ ಕುಟುಂಬದ ಹುಳುಗಳು ಬಡ ಕುಟುಂಬವನ್ನು ಸೂರೆಮಾಡಲು ಕಲಿಯುತ್ತವೆ. ಅಂಗಡಿಯಿಂದ ತಂದ ಜೇನನ್ನು ಉಣಿಸಕೂಡದು; ರೋಗವು ಅದರೊಡನೆ ಬರಬಹುದು. ಜೇನುಕೋಣೆಯು ಪೆಟ್ಟಿಗೆಯ ಮೇಲಿರುವಾಗ ಪಾಕವನ್ನು ಕೊಡುವುದೆಂದರೆ ಸಕ್ಕರೆಯನ್ನೇ ಜೇನೆಂದು ಮಾರಿದಂತೆ. ಮಳೆಗೆ ಮುಂಚೆ ಆ ಕೋಣೆಯನ್ನು ತೆಗೆದು ಒಳಗಿಡಬೇಕು.

ಮಳೆಗಾಲದಲ್ಲಿ ಹುಳುಗಳು ಕಡಿಮೆಯಾದಂತೆ ಅವು ಮುಚ್ಚದೆ ಬಿಟ್ಟ ಎರಿಗಳಿಗೆ ಮೇಣದ ಪತಂಗವು ಬೀಳುತ್ತದೆ. ಅದರ ಹುಳು ಎರಿಯೊಳಗೆ ಬಿಳಿಯ ಬಲೆಯ ಸುರಂಗಗಳನ್ನು ಮಾಡಿಕೊಂಡು ತಿನ್ನುತ್ತದೆ. ಖಾಲಿ ಎರಿಗಳನ್ನು ತೆಗೆದು, ಅಡಿಹಲಗೆಯ ಕಸವನ್ನು ವಾರಕ್ಕೊಮ್ಮೆ ಗುಡಿಸಿದರೆ ಅದರ ಬಾಧೆಯು ಬಹಳ ಮಟ್ಟಿಗೆ ತಪ್ಪುತ್ತದೆ. ಬಾಗಿಲನ್ನು ಕಿರಿದುಮಾಡಿ, ಪೆಟ್ಟಿಗೆಗೆ ಸೋಗೆಯನ್ನೋ ತಗಡನ್ನೋ ಹೊದಿಸಬೇಕು.

ರೋಗ

1991-92ರಲ್ಲಿ ಕೇರಳದಿಂದ ಮೊದಲುಮಾಡಿ ಕರ್ನಾಟಕ, ತಮಿಳುನಾಡುಗಳಿಗೆ ಹಬ್ಬಿದ ಥಾಯಿ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ತಲೆಮಾರಿನಿಂದ ಜೇನನ್ನೇ ನೆಚ್ಚಿದ್ದ ಕೊಡಗಿನ, ದಕ್ಷಿಣ ಕನ್ನಡದ ಮನೆಗಳವರು ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದುದು ಆಗಲೇ. ಮರಿಯು ಕಣದಲ್ಲಿ ತಲೆಯೆತ್ತಿಕೊಂಡು ನೀಳವಾಗಿ ಸತ್ತು, ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು ಇದರ ಗುರುತು. ಇದು ವೈರಾಣುವಿನಿಂದ ಬರತಕ್ಕದ್ದು, ಇದಕ್ಕೆ ಮದ್ದಿಲ್ಲ. ಆದರೆ ಅಂದು ಬದುಕಿ ಉಳಿದ ಕುಟುಂಬಗಳ ಸಂತತಿಯಿಂದಲೇ ಕಸಬು ಪುನಃ ಚಿಗುರಿತು. ಬಲವಾದ ಕುಟುಂಬಗಳು ರೋಗವನ್ನು ತಾಳಿಕೊಳ್ಳುವುದನ್ನೂ ಸಾಕುವವರು ಕಂಡಿದ್ದಾರೆ. ರೋಗದ ಪೆಟ್ಟಿಗೆಯಿಂದ ಎರಿಯನ್ನಾಗಲಿ ಚಾಕುವನ್ನಾಗಲಿ ಇನ್ನೊಂದಕ್ಕೆ ಒಯ್ಯಬಾರದು. ಪರಸ್ಥಳದಿಂದ ಕುಟುಂಬವನ್ನು ಕೊಳ್ಳುವಾಗ ಮರಿಗಳನ್ನು ನೋಡದೆ ಹಣ ಕೊಡಬಾರದು.

ನೆರೆಯ ತೋಟದಲ್ಲಿ ಕೀಟನಾಶಕವನ್ನು ಸಿಂಪಡಿಸುವರೆಂದು ತಿಳಿದರೆ, ಹುಳುಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ ಮಾಡಬೇಕೆಂದು ಮನೆಯ ಹಿರಿಯರ ಮೂಲಕ ಕೇಳಿಕೊಳ್ಳಬಹುದು. ವರ್ಷಕ್ಕೊಂದು ಸೀಸೆ ಜೇನನ್ನು ಆ ಮನೆಗೆ ಕೊಟ್ಟಿದ್ದರೆ ಈ ಮಾತು ಸುಲಭವಾಗಿ ನಡೆಯುತ್ತದೆ.

ಹುಳುವಿನ ಕಡಿತ

ತುಡುವೆಯು ಸಾಧುವಾದರೂ ಕಡಿಯುವುದುಂಟು. ಮುಖಕ್ಕೆ ಪರದೆಯನ್ನು ಹಾಕಿಕೊಂಡು, ತೆಂಗಿನ ಸಿಪ್ಪೆಯ ಹೊಗೆಯನ್ನು ಸ್ವಲ್ಪವಾಗಿ ಊದಿ, ಅವಸರವಿಲ್ಲದೆ ಕೆಲಸಮಾಡಬೇಕು. ಮುಳ್ಳು ನೆಟ್ಟರೆ ಉಗುರಿನಿಂದ ಒಡನೆಯೇ ಕೆರೆದು ತೆಗೆಯಬೇಕು. ಊತ ನೋವುಗಳು ಎಲ್ಲರಿಗೂ ಸಹಜ. ಆದರೆ ಒಂದು ಕಡಿತಕ್ಕೇ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ತಲೆ ತಿರುಗಿದರೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಂಥವರು ಈ ಕಸಬನ್ನು ಬಿಟ್ಟೇಬಿಡಬೇಕು. ಮೊದಲ ಬೇಸಗೆಯಲ್ಲಿ ಹುಡುಗನು ಒಬ್ಬನೇ ಇರುವಾಗ ಪೆಟ್ಟಿಗೆಯನ್ನು ತೆರೆಯದಿರುವುದು ಒಳ್ಳೆಯದು.

ಲೆಕ್ಕ

ಬೆಲೆಗಳು ಊರಿಂದ ಊರಿಗೆ ಬೇರೆಯಾದುದರಿಂದ ಕೆಳಗಿನ ಅಂಕಿಗಳನ್ನು ಮಾದರಿಯಾಗಿ ಮಾತ್ರ ಗ್ರಹಿಸಬೇಕು. ಕುಟುಂಬ ಸಹಿತವಾದ ಪೆಟ್ಟಿಗೆಯೊಂದಕ್ಕೆ 4,500 ರೂಪಾಯಿಯಂತೆ ಎರಡಕ್ಕೆ 9,000. ಹೊಗೆತಿದಿ, ಪರದೆ, ಚಾಕು ಇವುಗಳಿಗೆ 1,000. ಒಟ್ಟು ಬಂಡವಾಳ 10,000 ರೂಪಾಯಿ. ಹೊಸಬನ ಮೊದಲ ಬೇಸಗೆಯಲ್ಲಿ ಎರಡರಿಂದ 7 ಕಿಲೋ ಬಂದರೆ ಒಳ್ಳೆಯದೇ, 500ರಂತೆ 3,500. ಸಕ್ಕರೆ, ಸೀಸೆಗಳಿಗೆ 500 ಹೋಗಿ 3,000 ಉಳಿಯುತ್ತದೆ. ಇದನ್ನು ಖರ್ಚುಮಾಡದೆ, ಪಾಲು ಮಾಡಿದ ಕುಟುಂಬಕ್ಕಾಗಿ 2,500ಕ್ಕೆ ಮೂರನೆಯ ಪೆಟ್ಟಿಗೆಯನ್ನು ಕೊಂಡರೆ ಕೈಯಲ್ಲಿ 500. ಎರಡನೆಯ ವರ್ಷ ಮೂರು ಪೆಟ್ಟಿಗೆಗಳಿಂದ 15 ಕಿಲೋ ಬಂದರೆ 7,500. ಖರ್ಚು 900 ಹೋಗಿ 6,600. ಪಾಲು ಮಾಡಿದ ಎರಡು ಕುಟುಂಬಗಳನ್ನು ಪೆಟ್ಟಿಗೆಯಿಲ್ಲದೆ 1,500ರಂತೆ ಮಾರಿದರೆ 3,000. ಎಲ್ಲವೂ ಸೇರಿ 10,100. ಎಂದರೆ ಎರಡು ವರ್ಷಗಳಲ್ಲಿ ಬಂಡವಾಳವು ಹಿಂದಕ್ಕೆ ಬಂದು ಮೂರು ಪೆಟ್ಟಿಗೆಗಳು ಹುಡುಗನ ಸ್ವಂತವಾಗಿ ನಿಲ್ಲುತ್ತವೆ. ನಿಜವಾದ ಸಂಪಾದನೆಯು ಮೂರನೆಯ ವರ್ಷದಿಂದ. ಮೊದಲ ವರ್ಷವೇ ಹಣವನ್ನು ಎಣಿಸಬೇಕೆನ್ನುವವರು ಅಡಿಕೆ ಸುಲಿಯುವುದೇ ಉತ್ತಮ.

ಈ ಲೆಕ್ಕವನ್ನು ಹುಡುಗನೇ ಒಂದು ಪುಸ್ತಕದಲ್ಲಿ ಬರೆಯಬೇಕು. ಅದರ ಎದುರು ಪುಟದಲ್ಲಿ ಪ್ರತಿ ಪೆಟ್ಟಿಗೆಯನ್ನು ತೆರೆದ ದಿನ, ಕಂಡ ಮರಿ, ಕೊಟ್ಟ ಪಾಕ. ತಂದೆಯಾದವನು ಪುಸ್ತಕವನ್ನು ನೋಡಬಹುದು, ಹಣವನ್ನು ಮನೆಯ ಖರ್ಚಿಗೆ ಎಳೆದುಕೊಳ್ಳುವುದು ಯುಕ್ತವಲ್ಲ. ಮಗನ ಹೆಸರಿನಲ್ಲಿ ಪೆಟ್ಟಿಗೆ, ತಂದೆಯ ಕೈಯಲ್ಲಿ ದುಡ್ಡು ಎಂದಾದ ಮನೆಗಳಲ್ಲಿ ಎರಡನೆಯ ಮಳೆಗಾಲದ ಪಾಕವನ್ನು ಯಾರೂ ಕಾಸುವುದಿಲ್ಲ. ಹೆಣ್ಣುಮಕ್ಕಳಿಗೂ ಈ ಕೆಲಸವು ಒಪ್ಪುವುದು. ಹಿತ್ತಿಲು ಅವರ ಕಣ್ಣೆದುರಿಗೇ ಇರುವುದರಿಂದ ಹುಳುಗಳ ಓಡಾಟದಲ್ಲಿ ಆಗುವ ವ್ಯತ್ಯಾಸವನ್ನು ಮೊದಲು ಕಾಣುವವರು ಅವರೇ.

ಕಾಯಿದೆಯ ವಿಷಯವಾಗಿ ಕೆಲವು ಮಾತುಗಳು ಅವಶ್ಯಕ. 1872ರ ಕರಾರು ಕಾಯಿದೆಯಂತೆ 18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಬಲವಿಲ್ಲ. ಆದುದರಿಂದ ಹುಡುಗನ ಹೆಸರಿನಲ್ಲಿ ಸಾಲ ದೊರಕದು, ದೊರಕದಿರುವುದೇ ಕ್ಷೇಮ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಪಾಠದ ವೇಳೆಯ ಹೊರಗೆ ಮನೆಯವರ ಕೆಲಸದಲ್ಲಿ ನೆರವಾಗುವುದಕ್ಕೆ ಮಾತ್ರ ಅವಕಾಶವುಂಟು. ಬ್ಯಾಂಕಿನ ಉಳಿತಾಯ ಖಾತೆಯನ್ನು 10 ವರ್ಷ ತುಂಬಿದವರು ತಾವೇ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲಿನಲ್ಲಿ ತಿಳಿಸಿದೆ. ನೆರೆಹೊರೆಗೆ ಮಾರುವುದನ್ನು ದಾಟಿ, ಚೀಟಿ ಅಂಟಿಸಿದ ಸೀಸೆಗಳನ್ನು ಅಂಗಡಿಗೆ ಹಾಕುವ ಕಾಲವು ಬಂದಾಗ, 2006ರ ಆಹಾರ ಸುರಕ್ಷತೆಯ ಕಾಯಿದೆಯಂತೆ ಮನೆಯ ಹಿರಿಯರ ಹೆಸರಿನಲ್ಲಿ ನೋಂದಣಿ ಮಾಡಿಸತಕ್ಕದ್ದು.

ಪೆಟ್ಟಿಗೆಗಳಿಗೆ ಸಹಾಯಧನವಿದೆಯೇ ಎಂಬುದನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು. ಅದಕ್ಕೂ ಮುಂಚೆ ಹತ್ತಿರದ ಅನುಭವಶಾಲಿಯೊಬ್ಬರ ಪೆಟ್ಟಿಗೆಗಳ ಬಳಿ ಒಂದು ಮಳೆಗಾಲವನ್ನು ಕಳೆಯುವುದು ಒಳ್ಳೆಯದು. ಜೇನು ತೆಗೆಯುವ ದಿನ ನೋಡಲು ಎಲ್ಲರೂ ಬರುತ್ತಾರೆ. ಆಗಸ್ಟಿನಲ್ಲಿ ಕೊಡೆ ಹಿಡಿದು ಪಾಕದ ಪಾತ್ರೆಯೊಡನೆ ನಿಲ್ಲಲು ಬರುವ ಹುಡುಗನಿಗೆ ಅಂಥವರು ಅಕ್ಟೋಬರಿನಲ್ಲಿ ಒಳ್ಳೆಯ ಕುಟುಂಬವನ್ನೇ ಆರಿಸಿಕೊಡುವರು.